ಬೋರಲು ಮಲಗಿದ ತಂಬಿಗೆ

ಒಂದಾನೊಂದು ಊರಿನಲ್ಲಿ ಒಂದು ತಂಬಿಗೆ ಇತ್ತು. ರಾಜನೂ ಇದ್ದ, ಅವನು ಆಮೇಲೆ ಬರುತ್ತಾನೆ. ಕತೆಯಲ್ಲಿ ರಾಜನೇ ಮೊದಲು ಬರಬೇಕೆಂದು ಎಲ್ಲೂ ಬರೆದಿಲ್ಲ. ನಾನು ಹುಡುಕಿ ನೋಡಿದ್ದೇನೆ, ಬರೆದಿಲ್ಲ.

ಊರಿನ ಹೆಸರು ಮೇಲ್ದಂಡೆ. ಊರ ಮಗ್ಗುಲಲ್ಲಿ ಒಂದು ಹಳ್ಳ. ಹಳ್ಳದ ಆಚೆ, ಸ್ವಲ್ಪ ಇಳಿಜಾರಿನಲ್ಲಿ, ಕೆಳದಂಡೆ ಎಂಬ ಇನ್ನೊಂದು ಊರು. ಮೇಲ್ದಂಡೆಯ ಮಣ್ಣು ಕಪ್ಪು. ಕೆಳದಂಡೆಯ ಮಣ್ಣು ಕೆಂಪು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮರೆತವರಿಗೆ ನಾನು ಇನ್ನೊಮ್ಮೆ ಹೇಳುವವಳಲ್ಲ.

ಮೇಲ್ದಂಡೆಯಲ್ಲಿ ಪ್ರತಿ ಮನೆಯ ಹೊಸಿಲ ಪಕ್ಕ ಒಂದು ತಂಬಿಗೆ ನೀರು ಇರುತ್ತಿತ್ತು. ನೆಂಟರೇ ಬರಲಿ, ಮನೆಯ ಯಜಮಾನನೇ ಬರಲಿ, ಕೈಕಾಲು ತೊಳೆದೇ ಒಳಗೆ ಬರಬೇಕು. ಆ ಊರಿನ ತಂಬಿಗೆಗಳಿಗೆ ಮಾತು ಬರುತ್ತಿತ್ತು. ಹೆಚ್ಚಿಲ್ಲ, ಒಂದೇ ಮಾತು.

"ಕೈಕಾಲು ತೊಳ್ಕೊಂಡು ಬಾ."

ಅಷ್ಟೇ. ತಂಬಿಗೆಗೆ ಅಷ್ಟು ಮಾತು ಸಾಕು. ಆದರೆ ಸೂಲಗಿತ್ತಿ ಕಾಟವ್ವನ ಮನೆಯ ತಂಬಿಗೆ ಎರಡು ಮಾತು ಕಲಿತಿತ್ತು. ಎರಡನೆಯದು ಇದು:

"ಬೊಮ್ಮಿ ಬಂದ್ಲಾ?"

ಬೊಮ್ಮಿ ಎಂದರೆ ಕಾಟವ್ವನ ಮಗಳು. ಒಬ್ಬಳೇ ಮಗಳು. ಹೋದ ವರ್ಷ ಹಳ್ಳದಾಚೆಯ ಕೆಳದಂಡೆಗೆ ಮದುವೆಯಾಗಿ ಹೋದಳು. ಬೊಮ್ಮಿಯ ಎಡಗೈ ಹೆಬ್ಬೆರಳಲ್ಲಿ ಕುಡುಗೋಲು ತಾಗಿದ ಗುರುತು. ತಂಬಿಗೆ ಎತ್ತಿದರೆ ಅರ್ಧ ನೀರು ಎಡಗಾಲಿಗೇ ಸುರಿದು, 'ಅವ್ವಾ, ಇನ್ನೊಂದು ತಂಬಿಗೆ' ಎಂದು ಕೂಗುವವಳು. ತಂಬಿಗೆಗೆ ಮುಖದ ಗುರುತು ಇರುವುದಿಲ್ಲ, ಕೈಯ ಗುರುತು ಇರುತ್ತದೆ. ಆ ಹೆಬ್ಬೆರಳಿನ ಗೀರು ತನ್ನ ಕಂಠಕ್ಕೆ ತಾಗದೆ ಒಂದು ವರ್ಷವಾಯಿತೆಂದು ಅದಕ್ಕೆ ಗೊತ್ತಿತ್ತು. ಹೆಜ್ಜೆ ಸಪ್ಪಳ ಕೇಳಿದಾಗೆಲ್ಲ ಕೇಳುತ್ತಿತ್ತು:

"ಬೊಮ್ಮಿ ಬಂದ್ಲಾ?"

"ಸುಮ್ನಿರು," ಎನ್ನುತ್ತಿದ್ದಳು ಕಾಟವ್ವ. "ಏಳನೇ ತಿಂಗಳಿಗೆ ಬರ್ತಾಳೆ."

ಚೊಚ್ಚಲ ಹೆರಿಗೆ ತವರಿನಲ್ಲಿ. ಅದು ಮೇಲ್ದಂಡೆಗೂ ಗೊತ್ತು, ಕೆಳದಂಡೆಗೂ ಗೊತ್ತು. ಬೊಮ್ಮಿಗೆ ಆಗ ಐದು ತುಂಬಿ ಆರು ನಡೆಯುತ್ತಿತ್ತು.

ಕಾಟವ್ವನ ವಿಷಯ ಒಂದು ಹೇಳಿಬಿಡುತ್ತೇನೆ. ಬೊಮ್ಮಿಗಿಂತ ಮುಂಚೆ ಅವಳಿಗೊಂದು ಕೂಸು ಹುಟ್ಟಿತ್ತು. ಆಗಿನ ಸೂಲಗಿತ್ತಿ ಬೆರಣಿ ತಟ್ಟುತ್ತಿದ್ದವಳು ಅದೇ ಕೈಯಲ್ಲಿ ಎದ್ದು ಬಂದಿದ್ದಳು. ಏಳನೇ ದಿನ ಕೂಸು ಬಾಯಿ ಕಚ್ಚಿಕೊಂಡಿತು. ಮತ್ತೆ ತೆರೆಯಲಿಲ್ಲ. ಊರವರು ದೃಷ್ಟಿ ಎಂದರು, ಗ್ರಹಚಾರ ಎಂದರು. ಕಾಟವ್ವ ಯಾರ ಮಾತಿಗೂ ಹೂಂಗುಟ್ಟಲಿಲ್ಲ. ಆ ಸೂಲಗಿತ್ತಿಯ ಉಗುರುಗಳನ್ನು ಅವಳು ನೋಡಿದ್ದಳು. ಮುಂದೆ ತಾನೇ ಸೂಲಗಿತ್ತಿಯಾದಳು. ಯಾರೂ ಕಲಿಸಲಿಲ್ಲ, ಅವಳೇ ಕಲಿತಳು. ಇನ್ನೂರು ಕೂಸು ಹಿಡಿದಳು. ಒಂದೂ ಬಾಯಿ ಕಚ್ಚಿಕೊಳ್ಳಲಿಲ್ಲ. ಹೊಸಿಲ ಪಕ್ಕ ಮೊದಲು ತಂಬಿಗೆ ಇಟ್ಟವಳು ಅವಳೇ. ಊರು ಅವಳನ್ನು ನೋಡಿ ಇಟ್ಟಿತು. ಆಮೇಲೆ ಊರು ಅದನ್ನು ತನ್ನ ಅಜ್ಜನ ಕಾಲದ ಪದ್ಧತಿ ಎಂದಿತು. ಊರುಗಳು ಹಾಗೇ.

ಈಗ ರಾಜ ಬರಲಿ.

ಮೇಲ್ದಂಡೆಯ ರಾಜನ ಹೆಸರು ಚಿಟಿಕೆರಾಯ. ಒಂದು ದಿನ ಮಧ್ಯಾಹ್ನ ಚಿಟಿಕೆರಾಯ ಮುದ್ದೆ ಉಣ್ಣುವ ಮುಂಚೆ ಕೈ ತೊಳೆದ. ದಿನವೂ ತೊಳೆಯುತ್ತಿದ್ದ, ಅವತ್ತು ತೊಳೆದ ನೀರನ್ನು ನೋಡಿದ. ನೋಡಬಾರದಿತ್ತು. ನೀರು ಕಪ್ಪಗಿತ್ತು.

"ಮಂತ್ರೀ, ಈ ನೀರು ಎಲ್ಲಿಗೆ ಹೋಗುತ್ತೆ?"

"ಮೋರಿಗೆ, ಮಹಾಸ್ವಾಮಿ."

"ಮೋರಿ?"

"ಹಳ್ಳಕ್ಕೆ."

"ಹಳ್ಳ?"

"ಕೆಳದಂಡೆಗೆ."

"ನೀರಿನ ಜೊತೆ ಏನು ಹೋಯಿತು?"

"ಮಣ್ಣು, ಮಹಾಸ್ವಾಮಿ. ಒಂದು ಚಿಟಿಕೆ."

"ಯಾರ ಮಣ್ಣು?"

ಮಂತ್ರಿ ಬುದ್ಧಿವಂತ. ಉತ್ತರ ಗೊತ್ತಿದ್ದರೂ ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ಮಾಡಿದ. "ತಮ್ಮದು."

ರಾಜನ ಕೈಯಿಂದ ಚೆಂಬು ಬಿತ್ತು. ಚಿಟಿಕೆ ಚಿಟಿಕೆಯಾಗಿ ತನ್ನ ರಾಜ್ಯ ಆಚೆ ದಂಡೆಗೆ ಹೋಗುತ್ತಿದೆ! ಯುದ್ಧವಿಲ್ಲ, ದಾಳಿಯಿಲ್ಲ, ಊಟದ ಹೊತ್ತಿಗೆ!

ಮಂತ್ರಿ ಬೆರಳೆಣಿಸಿ ನೋಡಿದ. "ಹೀಗೇ ನಡೆದರೆ ನೂರು ವರ್ಷಕ್ಕೆ ನಮ್ಮ ಆನೆಲಾಯ ಕೆಳದಂಡೆಯಲ್ಲಿರುತ್ತದೆ, ಮಹಾಸ್ವಾಮಿ."

"ಆನೆ?"

"ಆನೆ ಇಲ್ಲೇ ಇರುತ್ತದೆ. ಬಿಸಿಲಲ್ಲಿ."

ರಾಜನಿಗೆ ಕಣ್ಣೀರು ಬಂತು. ಒರೆಸಿಕೊಳ್ಳಲಿಲ್ಲ. ಒರೆಸಿದರೆ ಕೆನ್ನೆಯ ಮೇಲಿನ ಮಣ್ಣು ಹೋಗುತ್ತದೆ.

ಅವತ್ತೇ ಡಂಗುರ ಹೊಡೆಸಿದರು. "ಕೇಳ್ರಪ್ಪೋ ಕೇಳಿ! ಇವತ್ತಿನಿಂದ ಯಾರೂ ಕೈಕಾಲು ತೊಳೆಯೋ ಹಾಗಿಲ್ಲ! ಕೈ ಮೇಲಿನ ಮಣ್ಣು ಮಹಾಸ್ವಾಮಿಯವರದು! ಊರಿನ ತಂಬಿಗೆಗಳೆಲ್ಲ ಬೋರಲು!"

ಒಬ್ಬ ಮುದುಕ ಕೋಲೂರಿಕೊಂಡು ಕೇಳಿದ. "ಬಯಲಕಡೆ ಹೋಗಿ ಬಂದ ಮೇಲೆ ಏನು ಮಾಡೋದಪ್ಪ?"

ಡಂಗುರದವನಿಗೆ ಗೊತ್ತಿರಲಿಲ್ಲ. ರಾಜನಿಗೂ ಗೊತ್ತಿರಲಿಲ್ಲ. ಮೂರು ದಿನ ಸಭೆ ನಡೆಯಿತು. ಮೂರು ದಿನ ಊರು ಬಿಗಿಹಿಡಿದುಕೊಂಡು ಕಾಯಿತು. ಕೊನೆಗೆ ಮಂತ್ರಿ ದಾರಿ ಕಂಡುಹಿಡಿದ. ಎಡಗೈಯನ್ನು ಪರರಾಜ್ಯ ಎಂದು ಸಾರಿದ. ಪರರಾಜ್ಯದ ಮಣ್ಣು ಹೋದರೆ ನಮಗೇನು? ಎಡಗೈ ತೊಳೆಯಬಹುದು. ಆದರೆ ಬಲಗೈ ಅದಕ್ಕೆ ಸಹಾಯ ಮಾಡಬಾರದು. ಮಾಡಿದರೆ ಗಡಿ ದಾಟಿದಂತೆ. ಜನ ಎಡಗೈಯನ್ನು ಕೆರೆಗೆ ಅದ್ದಿ ಎತ್ತಿದರು. ಒಂಟಿ ಕೈ ತನ್ನನ್ನು ತಾನೇ ಎಷ್ಟು ತೊಳೆದುಕೊಂಡೀತು?

ಅಲ್ಲಿಂದ ಕೈ ಮುಗಿಯುವುದು ನಿಂತಿತು, ಎರಡು ರಾಜ್ಯ ಸೇರುತ್ತದಲ್ಲ. ಚಪ್ಪಾಳೆ ನಿಂತಿತು, ಅದು ಯುದ್ಧ. ಭಜನೆಯಲ್ಲಿ ತೊಡೆ ತಟ್ಟಿದರು. ಉಗುರಿನಲ್ಲಿ ಹೆಚ್ಚು ಮಣ್ಣು ಇದ್ದವರಿಗೆ ಸಭೆಯಲ್ಲಿ ಮುಂದಿನ ಸಾಲು. ಒಬ್ಬನ ಹೆಬ್ಬೆರಳ ಉಗುರಿನಲ್ಲಿ ರಾಗಿ ಮೊಳೆಯಿತು. ಅವನನ್ನು ಉಗುರುಪಟೇಲ ಎಂದು ಕರೆದರು. ಗುಬ್ಬಿ ಬರದ ಹಾಗೆ ಅವನು ಕಿರುಬೆರಳಿಗೆ ಒಂದು ಸಣ್ಣ ಬೆದರುಬೊಂಬೆ ಕಟ್ಟಿಕೊಂಡ.

ಯಾರು ನಕ್ಕಿದ್ದು? ನಿಮ್ಮ ಉಗುರು ನೋಡಿಕೊಂಡು ನಗಿ.

ಕಾಟವ್ವನ ತಂಬಿಗೆಯನ್ನೂ ರಾಜಭಟರು ಬಂದು ಬೋರಲು ಹಾಕಿದರು. ಅದರೊಳಗೆ ಕತ್ತಲಾಯಿತು. ಅದರ ಮಾತು ಬಾವಿಯೊಳಗಿಂದ ಬಂದ ಹಾಗೆ ಬರುತ್ತಿತ್ತು.

"ಬೊಮ್ಮಿ... ಬಂದ್ಲಾ?"

ಕಾಟವ್ವ ತನ್ನ ಕೈ ನೋಡಿಕೊಂಡಳು.

ಇನ್ನು ಹೊಟ್ಟೆನೋವಿನ ಕತೆ. ಹೊಟ್ಟೆನೋವು ಎಂಬುವವನು ಒಬ್ಬ ಸಣಕಲ ಮನುಷ್ಯ. ಹರಕು ಕೊಡೆ, ಬಗಲಲ್ಲಿ ಗಂಟು, ಹಿಂದೆ ಅವನ ತಂಗಿಯರಾದ ವಾಂತಿ, ಭೇದಿ. ಬಹಳ ಮರ್ಯಾದಸ್ಥ. ಪ್ರತಿವರ್ಷ ಮಳೆಗಾಲದಲ್ಲಿ ಮೇಲ್ದಂಡೆಗೆ ಬರುತ್ತಿದ್ದ. ಪ್ರತಿ ಹೊಸಿಲಿನಲ್ಲೂ ತಂಬಿಗೆ ಹೇಳುತ್ತಿತ್ತು, 'ಕೈಕಾಲು ತೊಳ್ಕೊಂಡು ಬಾ.' ಹೊಟ್ಟೆನೋವಿಗೆ ಅದೊಂದೇ ಕಷ್ಟ. ಅವನು ಇರುವುದೇ ಕೊಳೆಯಲ್ಲಿ. ತೊಳೆದರೆ ಅವನೇ ಹೋಗಿಬಿಡುತ್ತಾನೆ. ಅದಕ್ಕೆ ಹೊಸಿಲ ಹೊರಗೆ ನಿಂತು, ಒಳಗಿನಿಂದ ಬರುವ ಸಾರಿನ ವಾಸನೆ ಹಿಡಿದು, ನಿಟ್ಟುಸಿರು ಬಿಟ್ಟು, ತಂಗಿಯರನ್ನು ಕರೆದುಕೊಂಡು ಹೊರಟುಹೋಗುತ್ತಿದ್ದ. ಒಂದು ಮನೆಯ ಒಳಗಾದರೂ ಕೂತು ಉಣ್ಣಬೇಕೆಂದು ಅವನಿಗೆ ಬಲು ಆಸೆ.

ಆ ವರ್ಷ ಬಂದ. ಮೊದಲ ಮನೆಯ ಮುಂದೆ ನಿಂತ. ತಂಬಿಗೆ ಮಾತಾಡಲಿಲ್ಲ. ಕೆಮ್ಮಿದ. ಆಗಲೂ ಮಾತಾಡಲಿಲ್ಲ.

"ಅಣ್ಣಾ, ಬಾಗಿಲು ತೆಗೆದೇ ಇದೆ," ಎಂದಳು ವಾಂತಿ.

"ತಂಬಿಗೆ ಮಲಗಿದೆ," ಎಂದಳು ಭೇದಿ.

ಹೊಟ್ಟೆನೋವು ಒಳಗೆ ಹೋದ. ಉಣ್ಣಲು ಕೂತವರ ಬೆರಳ ಮೇಲೆ ಕೂತ. ತುತ್ತಿನ ಜೊತೆ ಬಾಯಿಗೆ ಹೋದ. ಎಂಟು ದಿನದಲ್ಲಿ ಊರಿನಲ್ಲಿ ಅವನು ಹೋಗದ ಮನೆ ಉಳಿಯಲಿಲ್ಲ. ಜನ ಬಯಲಿಗೆ ಓಡಿದರು, ಬಂದರು, ಮತ್ತೆ ಓಡಿದರು. ಉಗುರುಪಟೇಲ ಓಡುವಾಗ ರಾಗಿ ಬೆಳೆ ಉದುರಿಹೋಯಿತು. ಮಕ್ಕಳ ಕಣ್ಣು ಗುಳಿ ಬಿದ್ದವು. ಕಾಟವ್ವ ಮನೆ ಮನೆಗೂ ಹೋಗಿ ಬಾಗಿಲಲ್ಲೇ ನಿಂತು ಹೇಳಿದಳು: "ನೀರು ಕುದಿಸಿ ಆರಿಸಿ, ಮುಚ್ಚಿಡ್ರೇ. ಚಿಟಿಕೆ ಉಪ್ಪು ಹಾಕಿ, ಬೆಲ್ಲ ಹಾಕಿ, ಗುಟುಕು ಗುಟುಕಾಗಿ ಕುಡಿಸ್ರೇ. ಗಂಜಿ ತಿಳಿ ಕೊಡ್ರೇ. ಹೊಟ್ಟೆ ಕೆಟ್ಟಿದೆ ಅಂತ ಉಪವಾಸ ಕೆಡವಬೇಡ್ರೇ." ಕೇಳಿದವರ ಮಕ್ಕಳು ಎದ್ದು ಕೂತವು. ಆದರೆ ಎದ್ದು ಕೂತ ಮಗು ಮತ್ತೆ ಅದೇ ಕೈಯಲ್ಲಿ ಉಂಡು ಮತ್ತೆ ಮಲಗಿತು.

"ಕಾಟಕ್ಕಾ, ನನ್ನ ಬಸುರಿ ಸೊಸೆ ಹೊಟ್ಟೆ ಮುಟ್ಟಿ ನೋಡಿ ಹೋಗೇ," ಎಂದಳು ಪಕ್ಕದ ಮನೆಯವಳು.

"ಈ ಕೈಯಲ್ಲಿ ಮುಟ್ಟಲ್ಲ," ಎಂದಳು ಕಾಟವ್ವ.

ಪುಣ್ಯಕ್ಕೆ ಆಗ ಊರಲ್ಲಿ ಯಾರಿಗೂ ದಿನ ತುಂಬಿರಲಿಲ್ಲ. ಹಳ್ಳದಾಚೆ ಒಬ್ಬಳಿಗೆ ತುಂಬುತ್ತಿತ್ತು.

ಏಳನೇ ತಿಂಗಳು ಬಂತು. ಕಾಟವ್ವ ಹಳ್ಳದ ದಡಕ್ಕೆ ಹೋದಳು. ಆಚೆ ದಡದಲ್ಲಿ ಬೊಮ್ಮಿ ನಿಂತಿದ್ದಳು. ಸೆರಗು ಹೊಟ್ಟೆಯ ಮೇಲೆ ನಿಲ್ಲುತ್ತಿರಲಿಲ್ಲ. ನಡುವೆ ಹಳ್ಳ, ಸೊಂಟದಷ್ಟು ನೀರು.

"ಅವ್ವಾ! ಕರ್ಕೊಂಡು ಹೋಗಕ್ಕೆ ಯಾವಾಗ ಬರ್ತೀಯಾ?"

"ಬರಲ್ಲ."

"ಯಾಕೆ?"

"ಊಟ ಸೇರ್ತಿದೆಯಾ?"

"ಕೈ ಯಾಕೆ ಹಿಂದಕ್ಕೆ ಇಟ್ಕೊಂಡಿದ್ದೀಯಾ? ತೋರ್ಸು."

"ನೀರು ಕಾಯಿಸಿ ಕುಡಿ. ಬರಿಗಾಲಲ್ಲಿ ಬಯಲಿಗೆ ಹೋಗಬೇಡ."

"ತೋರ್ಸವ್ವಾ."

ಕಾಟವ್ವ ತೋರಿಸಲಿಲ್ಲ. ಬೊಮ್ಮಿ ನೀರಿನ ಅಂಚಿಗೆ ಬಂದಳು. "ತವರಿನ ಬಾಗಿಲು ಮುಚ್ಚಿಬಿಟ್ಟೆಯಾ?"

"ಬಾಗಿಲು ತೆಗೆದೇ ಇದೆ ಕಣೇ. ತಂಬಿಗೆ ಬೋರಲು ಮಲಗಿದೆ."

ಬೊಮ್ಮಿ ಆ ಮನೆಯಲ್ಲಿ ಹುಟ್ಟಿದವಳು. ಅವಳಿಗೆ ಮತ್ತೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹಾಗಾದ್ರೆ ನೀನೇ ಬಾ. ಇಲ್ಲಿ ಕೈ ತೊಳ್ಕೊ."

ದಡದಲ್ಲಿ ಕಾವಲಿಗಿದ್ದ ಭಟ ಈಟಿ ಅಡ್ಡ ಹಿಡಿದ. "ಅಜ್ಜೀ, ಕೈ ತಗೊಂಡು ಗಡಿ ದಾಟೋ ಹಾಗಿಲ್ಲ. ಅದರಲ್ಲಿ ರಾಜ್ಯ ಇದೆ. ಬೇಕಾದ್ರೆ ಕೈ ಇಲ್ಲಿಟ್ಟು ಹೋಗು. ಬಂದ ಮೇಲೆ ಈಸ್ಕೊ."

"ಸೂಲಗಿತ್ತಿ ಕೈ ಬಿಟ್ಟು ಹೋಗಿ ಏನು ಮಾಡ್ಲಪ್ಪ? ಸೋಬಾನೆ ಹೇಳ್ಲಾ?"

ಅಲ್ಲಿಂದ ದಿನವೂ ಬೊಮ್ಮಿ ಆ ದಡಕ್ಕೆ ಬಂದಳು. ದಿನವೂ ಕಾಟವ್ವ ಈ ದಡಕ್ಕೆ ಬಂದಳು. ಇಬ್ಬರೂ ಏನೇನೋ ಮಾತಾಡಿದರು. ಏನು ಅಡುಗೆ, ಎಮ್ಮೆ ಕರು ಹಾಕಿತಾ, ಕಾಲು ಊದಿವೆಯಾ, ಹುಣಸೆಹಣ್ಣು ತಿಂದೆಯಾ. ಮಾತಾಡಬೇಕಾದ್ದು ಬಿಟ್ಟು ಉಳಿದದ್ದೆಲ್ಲ ಮಾತಾಡಿದರು. ಮನೆಗೆ ಬಂದರೆ ತಂಬಿಗೆ ಕೇಳುತ್ತಿತ್ತು, "ಬೊಮ್ಮಿ ಬಂದ್ಲಾ?" ಕಾಟವ್ವ ಅದರ ಪಕ್ಕದಲ್ಲಿ ಹೊಸಿಲ ಮೇಲೆ ಕೂತುಕೊಳ್ಳುತ್ತಿದ್ದಳು. ಒಂದು ಸಲವೂ ಅದನ್ನು ಮುಟ್ಟಲಿಲ್ಲ.

ಎಂಟು ತುಂಬಿತು. ಒಂಬತ್ತೂ ತುಂಬುತ್ತಾ ಬಂತು. ಒಂದು ದಿನ ಬೊಮ್ಮಿ ಆಚೆ ದಡದ ಬಂಡೆಗೆ ಆತುಕೊಂಡು ಹೇಳಿದಳು:

"ಅವ್ವಾ, ಇಲ್ಲಿ ಸೂಲಗಿತ್ತಿ ಇಲ್ಲ. ಅತ್ತೆಯಂತೂ ನಾನು ಬರೋ ಮುಂಚೇನೇ ಹೋದ್ರು. ನೀನು ಕರೆದ್ರೂ ಬರ್ತೀನಿ, ಕರೀದಿದ್ರೂ ಬರ್ತೀನಿ. ನಾಡಿದ್ದು ಹಳ್ಳಕ್ಕೆ ಇಳೀತೀನಿ."

"ಇಳಿದ್ರೆ ಕಾಲು ಮುರೀತೀನಿ."

"ಮುರಿ. ಮುರಿಯಕ್ಕಾದ್ರೂ ನನ್ನ ಮುಟ್ಟಬೇಕಲ್ಲ."

ಮಗಳಿಗೆ ಹಟ ಎಲ್ಲಿಂದ ಬಂತೆಂದು ಕಾಟವ್ವನಿಗೆ ಗೊತ್ತಿತ್ತು. ತಿರುಗಿ ನೇರ ಅರಮನೆಗೆ ನಡೆದಳು.

ಅರಮನೆಯಲ್ಲಿ ಚಿಟಿಕೆರಾಯ ಸಿಂಹಾಸನದಲ್ಲಿ ಮುದುರಿಕೊಂಡು ಕೂತಿದ್ದ. ಅರ್ಧ ಸಿಂಹಾಸನದಲ್ಲಿ ಹೊಟ್ಟೆನೋವು ಕೂತಿದ್ದ. ಹೊಸಿಲ ಒಳಗೆ ಬಂದ ಮೊದಲ ವರ್ಷವೇ ಅರಮನೆ ಊಟ ಸಿಕ್ಕಿತಲ್ಲ, ಸ್ವಲ್ಪ ಮೈ ಕೈ ತುಂಬಿಕೊಂಡಿದ್ದ. ರಾಜ ಅಷ್ಟಷ್ಟೇ ಇಳಿದಿದ್ದ.

ಕಾಟವ್ವ ಕೈ ಮುಗಿಯಲಿಲ್ಲ. ಮುಗಿಯಲು ಕಾನೂನು ಬಿಡುತ್ತಿರಲಿಲ್ಲ, ಅವಳಿಗೆ ಮನಸ್ಸೂ ಇರಲಿಲ್ಲ.

"ಬುದ್ಧೀ, ರಾಜ್ಯ ಉಳೀತಾ?"

"ಒಂದು ಚಿಟಿಕೆಯೂ ಹೋಗಿಲ್ಲ," ಎಂದ ರಾಜ ಹೊಟ್ಟೆ ಹಿಡಿದುಕೊಂಡು.

"ಹಾಗಾದ್ರೆ ಪಕ್ಕದಲ್ಲಿ ಕೂತಿರೋರನ್ನ ಒಂದು ಮಾತು ಕೇಳ್ಲಾ? ಏನಪ್ಪಾ ಹೊಟ್ಟೆನೋವು, ಈ ಊರಲ್ಲಿ ಏನು ತಿಂತಿದ್ದೀಯಾ?"

ಹೊಟ್ಟೆನೋವು ಮರ್ಯಾದಸ್ಥ ಎಂದೆನಲ್ಲ, ಸುಳ್ಳು ಹೇಳುವವನಲ್ಲ. "ಕೈ ಮೇಲಿನ ಮಣ್ಣು ತಾಯಿ. ತುತ್ತಿನ ಜೊತೆ ಬರುತ್ತೆ. ಬಹಳ ಚೆನ್ನಾಗಿದೆ."

"ಇಲ್ಲೀವರೆಗೆ ಎಷ್ಟು ತಿಂದಿರಬಹುದು?"

ಅವನು ಹೊಟ್ಟೆ ಸವರಿ ಅಂದಾಜು ಮಾಡಿದ. "ಅರಮನೆಯ ಹಿತ್ತಲು ಆಗಿದೆ. ಈಗ ಕುದುರೆಲಾಯ ನಡೀತಿದೆ."

ರಾಜ ಬಿಳುಚಿದ. "ನನ್ನ ಹಿತ್ತಲು ಇವನ ಹೊಟ್ಟೆಯಲ್ಲಿದೆಯಾ?"

"ನಿಮ್ಮ ಹೊಟ್ಟೆಯಲ್ಲೂ ಇದೆ ಬುದ್ಧೀ. ಆಮೇಲೆ ಬಯಲಲ್ಲಿ ಇದೆ," ಎಂದಳು ಕಾಟವ್ವ. "ತೊಳೆದಿದ್ರೆ ಹಳ್ಳಕ್ಕೆ ಹೋಗ್ತಿತ್ತು. ತೊಳೀಲಿಲ್ಲ, ಬಾಯಿಗೆ ಹೋಯ್ತು. ಊರಿಗೆ ಊರೇ ಕೂತು ನಿಮ್ಮ ರಾಜ್ಯ ತಿಂತಿದೆ."

ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಹೊಟ್ಟೆ ನೋಡಿಕೊಂಡರು. ರಾಜ ಮಂತ್ರಿಯನ್ನು ನೋಡಿದ. ಮಂತ್ರಿ ಸೂರು ನೋಡಿದ.

"ತೊಳೆದರೆ ಕೆಳದಂಡೆಗೆ, ತೊಳೆಯದಿದ್ದರೆ ಹೊಟ್ಟೆಗೆ!" ಎಂದು ರಾಜ ಅತ್ತ. "ಹೋದ ಮಣ್ಣು ವಾಪಸು ತರುವವರು ಯಾರು?"

"ನಾನು ತರ್ತೀನಿ."

"ಯಾವುದರಲ್ಲಿ?"

"ನನ್ನ ಮಗಳ ಪಾದದಲ್ಲಿ. ಅವಳು ಕೆಳದಂಡೆಯಿಂದ ನಡೆದು ಬಂದ್ರೆ ಪಾದಕ್ಕೆ ಅಲ್ಲಿನ ಮಣ್ಣು ಮೆತ್ತಿರುತ್ತೆ. ನಮ್ಮ ಹೊಸಿಲಲ್ಲಿ ಕಾಲು ತೊಳೆದ್ರೆ ಅದು ನಮ್ಮ ಊರಲ್ಲೇ ಉಳಿಯುತ್ತೆ. ಹೋದ ಹೆಣ್ಣುಮಕ್ಕಳು ಒಂದೊಂದು ಸಲ ತವರಿಗೆ ಬಂದಾಗಲೂ ನಿಮ್ಮ ರಾಜ್ಯ ಒಂದೊಂದು ಚಿಟಿಕೆ ಬೆಳೀತಿತ್ತು ಬುದ್ಧೀ. ನೀವೇ ತಂಬಿಗೆ ಬೋರಲು ಹಾಕ್ಸಿ ನಿಲ್ಲಿಸಿಬಿಟ್ರಿ."

ಅಷ್ಟರಲ್ಲಿ ಮಂತ್ರಿ ಕೆಮ್ಮಿದ. ಅವನಿಗೂ ಕೆಲಸ ಉಳಿಯಬೇಕಲ್ಲ.

"ಒಂದು ತೊಡಕಿದೆ ಮಹಾಸ್ವಾಮಿ. ಅವಳು ಹಳ್ಳ ದಾಟಬೇಕು. ದಾಟುವಾಗ ಕಾಲು ನೀರಿನಲ್ಲೇ ತೊಳೆದುಹೋಗುತ್ತದೆ. ಆ ಮಣ್ಣು ನಮಗೂ ಇಲ್ಲ, ಅವರಿಗೂ ಇಲ್ಲ, ಮೀನಿಗೆ."

"ಕಾಲು ಒದ್ದೆಯಾಗದ ಹಾಗೆ ನಾನು ಹೊತ್ತು ತರ್ತೀನಿ," ಎಂದಳು ಕಾಟವ್ವ. "ಕೆಂಪು ಮಣ್ಣು ತೋರಿಸಿದ್ರೆ ತಂಬಿಗೆ ಎತ್ತಿ ನಿಲ್ಲಿಸ್ಬೇಕು. ಇಡೀ ಊರಿಂದು."

"ತೋರಿಸದಿದ್ದರೆ?"

"ನನ್ನ ಎರಡು ಕೈ ನಿಮ್ಮ ಖಜಾನೆಯಲ್ಲಿಟ್ಕೊಳ್ಳಿ."

ರಾಜ ಒಪ್ಪಿದ. ಒಂದು ಷರತ್ತು ಹಾಕಿದ. ಆಚೆ ದಡ ಮೆಟ್ಟುವ ಹಾಗಿಲ್ಲ, ಕೈ ನೀರಿಗೆ ತಾಗುವ ಹಾಗಿಲ್ಲ.

ನಾಡಿದ್ದು ಬಂತು. ಊರೆಲ್ಲ ದಡದಲ್ಲಿ ಸೇರಿತು. ಓಡಬೇಕಾದವರು ಓಡಿ ಓಡಿ ಬಂದು ನೋಡಿದರು. ಕಾಟವ್ವ ಸೀರೆ ಎತ್ತಿ ಕಟ್ಟಿ, ಎರಡು ಕೈ ಮೇಲಕ್ಕೆ ಹಿಡಿದು ಹಳ್ಳಕ್ಕೆ ಇಳಿದಳು. ಸೊಂಟದ ತನಕ ನೀರು. ಆಚೆ ದಡದ ಬಂಡೆಯ ಹತ್ತಿರ ಹೋಗಿ ನೀರಿನಲ್ಲೇ ಬೆನ್ನು ತಿರುಗಿಸಿ ನಿಂತಳು.

ಷರತ್ತಿನ ಸುದ್ದಿ ಹಿಂದಿನ ದಿನವೇ ಹಳ್ಳ ದಾಟಿತ್ತು. ಬೊಮ್ಮಿ ಅವತ್ತು ಬೆಳಿಗ್ಗೆಯಿಂದ ಕೆಳದಂಡೆಯ ಕೆಂಪು ಹೊಲದಲ್ಲೆಲ್ಲ ಬರಿಗಾಲಲ್ಲಿ ನಡೆದಿದ್ದಳು. ಅವ್ವನ ಮಾತು ಮೀರಿದ್ದು ಅದೊಂದು ಸಲ. ಬಂಡೆಯ ಮೇಲಿಂದ ಅವ್ವನ ಬೆನ್ನೇರಿದಳು. ಪಾದಗಳನ್ನು ಅವ್ವನ ಪಕ್ಕೆಯ ಮೇಲಕ್ಕೆ ಮಡಚಿದಳು. ಕಾಟವ್ವ ಸೀರೆಯ ಮೇಲಿಂದ ಈ ಕೈಯಲ್ಲಿ ಒಂದು ತೊಡೆ, ಆ ಕೈಯಲ್ಲಿ ಒಂದು ತೊಡೆ ಹಿಡಿದಳು. ಎಡಗೈಯೂ ಬಲಗೈಯೂ ಒಂದನ್ನೊಂದು ಮುಟ್ಟಲಿಲ್ಲ. ಎರಡು ರಾಜ್ಯಗಳ ನಡುವೆ ಬೊಮ್ಮಿ ಇದ್ದಳು.

"ಭಾರ ಆಗ್ತಿದ್ದೀನಾ ಅವ್ವಾ?"

"ಇಬ್ಬರಿದ್ದೀರಲ್ಲೇ."

"ಸಣ್ಣವಳಿದ್ದಾಗ ಹಿಂಗೇ ಹೊರ್ತಿದ್ದೆ."

"ಆಗ ಇಷ್ಟು ಮಾತಾಡ್ತಿರ್ಲಿಲ್ಲ."

ಬೊಮ್ಮಿ ಅವ್ವನ ಕತ್ತಿನ ಹಿಂದೆ ಮುಖ ಇಟ್ಟಳು. ಎಷ್ಟೋ ತಿಂಗಳ ಹೊಗೆ, ಹರಳೆಣ್ಣೆ, ಬೆವರು, ತವರು, ಎಲ್ಲ ಅಲ್ಲಿತ್ತು. ಕಾಟವ್ವ ಹಳ್ಳದ ನಡುವೆ ಒಂದು ಗಳಿಗೆ ನಿಂತಳು. ಕಲ್ಲು ಜಾರುತ್ತಿತ್ತು ಎಂದು ಆಮೇಲೆ ಹೇಳಿದಳು. ನಾನು ನಂಬುವುದಿಲ್ಲ.

ದಡದಲ್ಲಿ ಚಿಟಿಕೆರಾಯ ಹೊಟ್ಟೆ ಹಿಡಿದುಕೊಂಡು ಕುಣಿದಾಡುತ್ತಿದ್ದ. "ಕಾಲು ಮೇಲೆತ್ತಮ್ಮಾ! ಕಾಲು ಮೇಲೆ! ಅದು ನನ್ನ ರಾಜ್ಯ!"

ದಡ ಹತ್ತಿದ ಮೇಲೂ ಕಾಟವ್ವ ಇಳಿಸಲಿಲ್ಲ. ಮನೆಯವರೆಗೂ ಹೊತ್ತಳು. ಹೊಸಿಲ ಪಕ್ಕದ ಚಪ್ಪಡಿಯ ಮೇಲೆ ಮಗಳನ್ನು ಕೂರಿಸಿದಳು. ಹಿಂದೆಯೇ ಬಂದ ರಾಜ ಪಾದದ ಕೆಂಪು ನೋಡಿ ಕಣ್ಣಲ್ಲೇ ಹೂಂ ಎಂದ. ಕಾಟವ್ವ ತಂಬಿಗೆಯನ್ನು ಎತ್ತಿ ನಿಲ್ಲಿಸಿದಳು. ಒಳಗೆ ಒಂದು ಜೇಡ ಮನೆ ಮಾಡಿತ್ತು, ನಾಚಿಕೊಂಡು ಹೊರಟುಹೋಯಿತು. ತಂಬಿಗೆಯನ್ನು ಬೆಳಗಿದರು, ನೀರು ತುಂಬಿದರು. ಅದು ಎರಡು ಸಲ ಕೆಮ್ಮಿ, ಅಭ್ಯಾಸದಿಂದ ಕೇಳಿತು:

"ಬೊಮ್ಮಿ ಬಂ..."

ಅಷ್ಟರಲ್ಲಿ ಅದರ ಕಂಠಕ್ಕೆ ಒಂದು ಹೆಬ್ಬೆರಳು ತಾಗಿತು. ಗೀರಿನ ಹೆಬ್ಬೆರಳು. ತಂಬಿಗೆ ಮಾತು ಮುಗಿಸಲಿಲ್ಲ. ನೀರನ್ನು ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ಸುರಿಸಿತು. ಅರ್ಧ ಎಡಗಾಲಿಗೇ ಹೋಯಿತು.

"ಅವ್ವಾ, ಇನ್ನೊಂದು ತಂಬಿಗೆ!"

ಕಪ್ಪು ನೆಲದ ಮೇಲೆ ಕೆಂಪು ನೀರು ಹರಿದು, ಮನೆ ಪಕ್ಕದ ಬಾಳೆಗಿಡದ ಬುಡದಲ್ಲಿ ನಿಂತಿತು. ನೀರು ಇಂಗಿತು. ಕೆಂಪು ಉಳಿಯಿತು. ರಾಜ ಮೊಣಕಾಲೂರಿ ನೋಡಿದ. ಬೆರಳಿನಿಂದ ಅಳೆದ. ಒಂದು ಚಿಟಿಕೆ. ಸರಿಯಾಗಿ ಒಂದು ಚಿಟಿಕೆ ಮೇಲ್ದಂಡೆ ಬೆಳೆದಿತ್ತು.

"ಈಗ ನನ್ನ ಕೈ," ಎಂದಳು ಕಾಟವ್ವ.

ರಾಜ ಗಾಬರಿಯಾದ. "ಅದು ಕಪ್ಪು ಮಣ್ಣಲ್ಲವೇ? ಹೋಗುತ್ತದೆ!"

"ಇದೇ ಬಾಳೆಬುಡಕ್ಕೆ ಹಾಕ್ತೀನಿ. ಮೋರಿಗಲ್ಲ. ಎಲ್ಲಿಗೂ ಹೋಗಲ್ಲ."

ರಾಜ ಬಾಯಿ ತೆರೆದ. "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಡಂಗುರ ಹೊಡೆಸಿದ್ರಿ ಬುದ್ಧೀ. ಕೇಳ್ಲಿಲ್ಲ."

ಮಂತ್ರಿ ಮತ್ತೆ ಸೂರು ನೋಡಲು ಹೋದ. ಬಯಲಲ್ಲಿ ಸೂರಿರಲಿಲ್ಲ.

ಕಾಟವ್ವ ಕೈ ತೊಳೆದಳು. ಅಂಟುವಾಳದ ನೊರೆ ಹಚ್ಚಿ ಅಂಗೈ ತಿಕ್ಕಿದಳು. ಮುಂಗೈ ತಿಕ್ಕಿದಳು. ಬೆರಳ ಸಂದಿ ತಿಕ್ಕಿದಳು. ಉಗುರು ಕತ್ತರಿಸಿ, ಉಗುರಿನ ಅಡಿಯ ಮಣ್ಣನ್ನು ಕಡ್ಡಿಯಿಂದ ತೆಗೆದಳು. ಮೊಣಕೈವರೆಗೂ ತೊಳೆದಳು. ಬಲಗೈ ಎಡಗೈಯನ್ನು ತೊಳೆಯಿತು, ಎಡಗೈ ಬಲಗೈಯನ್ನು ತೊಳೆಯಿತು. ಎಷ್ಟೋ ದಿನದ ಮೇಲೆ ಭೇಟಿಯಾದ ಅಕ್ಕತಂಗಿಯರ ಹಾಗೆ ಅವು ಒಂದನ್ನೊಂದು ಬಿಡಲಿಲ್ಲ. ಮೊದಲ ನೀರು ಕಪ್ಪಾಗಿ ಹೋಯಿತು. ಎರಡನೆಯದು ಬೂದಿಬಣ್ಣವಾಗಿ ಹೋಯಿತು. ಮೂರನೆಯದು ತಿಳಿಯಾಗಿ ಹೋಯಿತು. ಸೆರಗಿಗೆ ಒರೆಸಿಕೊಳ್ಳದೆ ಕೈಗಳನ್ನು ಹಾಗೇ ಗಾಳಿಗೆ ಹಿಡಿದಳು.

ಆಮೇಲೆ ಎರಡೂ ಅಂಗೈಯನ್ನು ಮಗಳ ಕೆನ್ನೆಗೆ ಇಟ್ಟಳು. ಹಾಗೇ ಇಟ್ಟುಕೊಂಡು ಇದ್ದಳು.

"ಅವ್ವಾ," ಎಂದಳು ಬೊಮ್ಮಿ, "ಬಿಡು, ನೋವು ಶುರುವಾಯ್ತು."

ಕೂಸು ಹುಟ್ಟಿತು. ಹೆಣ್ಣು. ಕಾಟವ್ವ ಏಳು ದಿನ ಅದರ ಪಕ್ಕ ಕೂತೇ ಇದ್ದಳು. ಮುಟ್ಟಬಂದವರಿಗೆಲ್ಲ ತಂಬಿಗೆ ಹೇಳಿತು, 'ಕೈಕಾಲು ತೊಳ್ಕೊಂಡು ಬಾ.' ರಾಜ ಬಂದ, ಅವನಿಗೂ ಹೇಳಿತು. ಎಂಟನೇ ಬೆಳಿಗ್ಗೆ ಕೂಸು ದೊಡ್ಡದಾಗಿ ಬಾಯಿ ತೆರೆದು ಊರು ಹಾರಿಹೋಗುವ ಹಾಗೆ ಅತ್ತಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ಕಾಟವ್ವ ಗೋಡೆಗೆ ಒರಗಿ ನಿದ್ದೆಹೋದಳು. ಆ ಬಾಯಿ ತೆರೆಯುವುದನ್ನು ನೋಡಲು ಅವಳು ಇಪ್ಪತ್ತೈದು ವರ್ಷ ಕಾದಿದ್ದಳು.

ನಾಮಕರಣದ ದಿನ ಹೊಟ್ಟೆನೋವೂ ಬಂದ. ಊರಿನ ತಂಬಿಗೆಗಳೆಲ್ಲ ಎದ್ದು ನಿಂತಿದ್ದವು, ಅವನಿಗೆ ಎಲ್ಲೂ ಜಾಗ ಸಿಕ್ಕಿರಲಿಲ್ಲ. ಮತ್ತೆ ಸಣಕಲಾಗಿದ್ದ.

"ಕೈಕಾಲು ತೊಳ್ಕೊಂಡು ಬಾ," ಎಂದಿತು ತಂಬಿಗೆ.

ಅವನು ಒಳಗಿನ ಪಾಯಸದ ಕಡೆ ನೋಡಿದ. "ನನ್ನನ್ನು ಒಳಗೆ ಕೂರಿಸಿದ್ದು ಇದೊಂದೇ ಊರು," ಎಂದ. ಕಿರುಬೆರಳೊಂದನ್ನು ನೀರಿಗೆ ಒಡ್ಡಿ ನೋಡಿದ. ಬೆರಳು ಕರಗಿ ಬಾಳೆಬುಡಕ್ಕೆ ಹೋಯಿತು. ಉಳಿದ ಬೆರಳುಗಳನ್ನು ಎಣಿಸಿಕೊಂಡು, ಕೊಡೆ ಬಿಚ್ಚಿ, ತಂಗಿಯರನ್ನು ಕರೆದುಕೊಂಡು ಹೊರಟುಹೋದ. ಯಾವ ಊರಲ್ಲಿ ತಂಬಿಗೆ ಮಲಗಿದೆಯೋ ಎಂದು ಈಗಲೂ ಹುಡುಕುತ್ತಿದ್ದಾನೆ.

ಬೊಮ್ಮಿ ಐದು ತಿಂಗಳು ಇದ್ದಳು. ಆಮೇಲೆ ಹೊರಟಳು. ಬಾಣಂತನ ಮುಗಿದ ಮೇಲೆ ಹೊರಡಲೇಬೇಕಲ್ಲ. ಹಳ್ಳದಲ್ಲಿ ನೀರು ಕಡಿಮೆಯಾಗಿತ್ತು, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದಳು. ಕಾಲು ಒದ್ದೆಯಾಗಲಿಲ್ಲ.

ದಡದಲ್ಲಿ ರಾಜನಿಗೆ ಜೀವ ಹೋದ ಹಾಗಾಯಿತು. "ಕಾಟವ್ವಾ, ಅವಳ ಪಾದದಲ್ಲಿ ಕಪ್ಪು ಮಣ್ಣು ಹೋಗುತ್ತಿದೆ! ಆಚೆ ಹೊಸಿಲಲ್ಲಿ ತೊಳೆಯುತ್ತಾಳೆ!"

"ಹೋಗಲಿ ಬಿಡಿ ಬುದ್ಧೀ," ಎಂದಳು ಕಾಟವ್ವ. ಅವಳ ಕಣ್ಣು ಆಚೆ ದಡದಲ್ಲಿತ್ತು. "ಹೋದ್ರೆ ತಾನೇ ಮತ್ತೆ ಬರೋದು."

ಅವತ್ತಿನಿಂದ ಚಿಟಿಕೆರಾಯನಿಗೆ ಬೇರೆ ಕೆಲಸವಿಲ್ಲ. ದಿನವೂ ದಡಕ್ಕೆ ಬಂದು, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಇವತ್ತು ಯಾರ ಮನೆಯ ಮಗಳು ಬರುತ್ತಾಳೆ ಎಂದು ಕಾಯುತ್ತಾನೆ. ಊರಿನ ತಾಯಂದಿರು ಮೊದಲಿನಿಂದಲೂ ಅಲ್ಲೇ ನಿಂತಿದ್ದರು. ಈಗ ಅವರ ಜೊತೆ ಒಬ್ಬ ರಾಜ.

ಕಾಟವ್ವ ಮನೆಗೆ ಬಂದಳು. ಹೆಜ್ಜೆ ಸಪ್ಪಳ ಕೇಳಿ ತಂಬಿಗೆ ಕೇಳಿತು:

"ಬೊಮ್ಮಿ ಬಂದ್ಲಾ?"

ಕಾಟವ್ವ 'ಸುಮ್ನಿರು' ಎನ್ನಲಿಲ್ಲ. ಹಳೆಯ ನೀರು ಚೆಲ್ಲಿ, ತಂಬಿಗೆ ಬೆಳಗಿ, ಕಂಠದವರೆಗೆ ಹೊಸ ನೀರು ತುಂಬಿದಳು.

"ಬರ್ತಾಳೆ," ಎಂದಳು. "ನೀನು ತುಂಬ್ಕೊಂಡಿರು."

ಇದರ ನೀತಿ ಏನೆಂದರೆ, ರಾಜ್ಯ ಉಳಿಸಬೇಕಾದವರು ಉಣ್ಣುವ ಮುಂಚೆ ಕೈ ತೊಳೆಯಬೇಕು. ತೊಳೆದ ನೀರನ್ನು ಬಾಳೆಬುಡಕ್ಕೆ ಹಾಕಬೇಕು. ಬಾಳೆ ಇಲ್ಲದವರು ಬಾಳೆ ಹಾಕಿಕೊಳ್ಳಿ, ನನ್ನನ್ನು ಕೇಳಬೇಡಿ.

ಕತೆ ಆ ದಂಡೆಗೆ, ನಾವು ಈ ದಂಡೆಗೆ. ನಡುವೆ ಒಂದು ತಂಬಿಗೆ ನೀರು. ಏಳಿ, ಅನ್ನ ಆಗಿದೆ. ಎಲ್ಲಿಗೆ ನುಗ್ಗುತ್ತಿದ್ದೀರಿ? ತಂಬಿಗೆ ಏನು ಹೇಳಿತು, ಕೇಳಿಸಲಿಲ್ಲವೇ?